ಜೋಜಿಲಾ ಟ್ಯಾಂಕಿಗೆ ಕೆಸರು ಹಚ್ಚೋದು

ಸ್ಕೇಲ್ ಮಾಡೆಲ್, ಅಂದ್ರೆ ನಿಜವಾದ ಗಾಡಿಯ ಅಳತೆಗೆ ತಕ್ಕ ಸಣ್ಣ ಪ್ರತಿ, ಮಾಡೋರ ಶೆಲ್ಫ್ ನೋಡಿದ್ರೆ ಮುಕ್ಕಾಲು ಪಾಲು ಜರ್ಮನ್ನರ ಟೈಗರ್ರೋ ಪ್ಯಾಂಥರ್ರೋ ಇರತ್ತೆ, ಇಲ್ಲಾಂದ್ರೆ ಅಮೆರಿಕದ ಶೆರ್ಮನ್. ತಪ್ಪೇನಿಲ್ಲ, ಚಂದದ ಟ್ಯಾಂಕುಗಳೇ, ನನ್ನ ಹತ್ರಾನೂ ಇವೆ. ಆದ್ರೆ ನಾನು ತುಂಬಾ ವರ್ಷದಿಂದ ಮಾಡ್ಬೇಕು ಅಂತ ಇಟ್ಕೊಂಡಿದ್ದು ಸ್ಟುವರ್ಟ್ ಅನ್ನೋ ಅಮೆರಿಕದ ಹಗುರ ಟ್ಯಾಂಕು, ಅದ್ರಲ್ಲೂ 1948ರ ನವೆಂಬರ್ 1ನೇ ತಾರೀಕು ಕಾಶ್ಮೀರದ ಜೋಜಿಲಾ ಘಾಟಿ ಹತ್ತಿದ, ನಮ್ಮ ಸೈನ್ಯದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್. ನವೆಂಬರ್ 1 ಅಂದ್ರೆ ನಮಗೆಲ್ಲ ರಾಜ್ಯೋತ್ಸವ. ಆ ರಾಜ್ಯ ಹುಟ್ಟೋಕೆ 8 ವರ್ಷ ಮುಂಚೆ ಅದೇ ದಿನ ಒಬ್ಬ ಕೊಡವ ಜನರಲ್ಲು, ತಿಮ್ಮಯ್ಯನವರು, ಮುಂದಿನ ಟ್ಯಾಂಕಲ್ಲೇ ಕೂತು ಹಿಮಾಲಯದ ಒಂದು ಘಾಟಿ ದಾಟಿದ್ರು, ಅದಕ್ಕೆ ದಾರಿ ಕಡಿದು ಕೊಟ್ಟೋರು ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೈನ್ಯದ ಎಂಜಿನಿಯರ್ ಪಡೆ, ಇದನ್ನ ನಮ್ಮೂರಲ್ಲೇ ಎಷ್ಟೋ ಜನ ಕೇಳಿರಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಮಾಡೆಲ್ಲಿಗೆ ಬರೋಕೆ ಮುಂಚೆ ಕತೆ ಹೇಳ್ಲೇಬೇಕು, ಯಾಕಂದ್ರೆ ಈ ಟ್ಯಾಂಕಿಗೆ ಹಚ್ಚೋ ಬಣ್ಣ, ಕೆಸರು, ಗೀರು ಎಲ್ಲಾ ಆ ಕತೆಯಿಂದಾನೇ ಬರ್ಬೇಕು.

ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೀತಿತ್ತು, 1948ರ ಬೇಸಿಗೆ ಹೊತ್ತಿಗೆ ಕಾರ್ಗಿಲ್, ದ್ರಾಸ್ ಎರಡೂ ನಮ್ಮ ಕೈ ತಪ್ಪಿದ್ವು. ಜೋಜಿಲಾ ಎದುರಾಳಿಗಳ ಹಿಡಿತಕ್ಕೆ ಹೋಗಿತ್ತು, ಅಂದ್ರೆ ಶ್ರೀನಗರದಿಂದ ಲೇಹ್‌ಗೆ ಹೋಗೋ ಬಾಗಿಲೇ ಮುಚ್ಚಿತ್ತು. ಲೇಹ್‌ಗೆ ಉಳಿದಿದ್ದು ವಿಮಾನದ ದಾರಿ ಒಂದೇ, ಆ ವರ್ಷ ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಮೊದಲ್ನೇ ಸಲ ಅಲ್ಲಿ ಡಕೋಟಾ ವಿಮಾನ ಇಳಿಸಿದಾಗ ಜೊತೇಲಿ ಕೂತಿದ್ದಿದ್ದೂ ತಿಮ್ಮಯ್ಯನವರೇ. ಆಗ ಅವರು ಶ್ರೀನಗರ ಕಡೆಯ ಡಿವಿಷನ್ನಿನ ಕಮಾಂಡರ್. ಅವರ ಮೇಲಿನ ಅಧಿಕಾರಿ ಯಾರು ಅಂದ್ರೆ ಕಾರ್ಯಪ್ಪನವರು. ಇಬ್ಬರೂ ಕೊಡಗಿನೋರು, ಒಬ್ರು ಮಡಿಕೇರಿಯಲ್ಲಿ ಹುಟ್ಟಿದ್ದು, ಇನ್ನೊಬ್ರು ಶನಿವಾರಸಂತೆಯಲ್ಲಿ.

ಸೆಪ್ಟೆಂಬರಲ್ಲಿ 77 ಪ್ಯಾರಾ ಬ್ರಿಗೇಡು ಜೋಜಿಲಾ ಮೇಲೆ ದಾಳಿ ಮಾಡ್ತು, ಆಗ್ಲಿಲ್ಲ. ಕಡಿದಾದ ಎರಡು ಗುಡ್ಡದ ಮಧ್ಯ ಸಣ್ಣ ದಾರಿ, ಮೇಲಿನ ಗುಹೆಗಳಲ್ಲಿ ಬಂಕರಲ್ಲಿ ಮೆಷಿನ್ ಗನ್ ಇಟ್ಕೊಂಡು ಕೂತಿರೋರ ಮುಂದೆ ಕಾಲ್ನಡಿಗೆಯ ಸೈನಿಕರು ಹತ್ಕೊಂಡು ಹೋಗ್ಬೇಕು ಅಂದ್ರೆ ಹೇಗೆ ಆಗತ್ತೆ. ಮುಂದೆ ಚಳಿಗಾಲ, ಹಿಮ ಬಿದ್ದು ಘಾಟಿ ಮುಚ್ಚಿಹೋದ್ರೆ ಲಡಾಖ್ ಕತೆ ಅಷ್ಟೇ. ಆವಾಗ ಬಂದ ಯೋಚನೆ ಟ್ಯಾಂಕು. ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ತಗೊಂಡು ಹೋಗೋದು, ಅಲ್ಲಿವರೆಗೆ ಯಾರೂ ಯುದ್ಧದಲ್ಲಿ ಮಾಡದೇ ಇದ್ದ ಕೆಲಸ. ಜಮ್ಮುವಿನಲ್ಲಿದ್ದ 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳ ಟರೆಟ್, ಅಂದ್ರೆ ಮೇಲಿನ ತಿರುಗೋ ಗನ್ನಿನ ಗೋಪುರ, ಬಿಚ್ಚಿ, ಟರೆಟ್ಟು ಬೇರೆ ಕೆಳಗಿನ ಮೈ (ಹಲ್) ಬೇರೆ ಮಾಡಿ, ಕಾಶ್ಮೀರಕ್ಕೆ ಹೋಗೋ ದಾರಿಯ ಬಾನಿಹಾಲ್ ಘಾಟಿ ಗುಟ್ಟಾಗಿ ದಾಟಿಸಿದ್ರು. ಬಿಚ್ಚಿದ್ದಕ್ಕೆ ಎರಡು ಕಾರಣ, ದಾರೀಲಿದ್ದ ಸೇತುವೆಗಳಿಗೆ ಪೂರ್ತಿ ಟ್ಯಾಂಕಿನ ಭಾರ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ, ಎರಡ್ನೇದು ನೋಡ್ದೋರಿಗೆ ಇದು ಟ್ಯಾಂಕು ಅಂತ ಗೊತ್ತಾಗ್ಬಾರ್ದು. ಶ್ರೀನಗರ ದಾಟಿಸೋವಾಗ ಊರಲ್ಲಿ ಕರ್ಫ್ಯೂ ಹಾಕಿದ್ರಂತೆ. ಆಮೇಲೆ ಬಾಲ್ತಾಲ್ ಕಡೆ. ಅಮರನಾಥ ಯಾತ್ರೆಗೆ ಹೋಗಿಬಂದೋರಿಗೆ ಬಾಲ್ತಾಲ್ ಗೊತ್ತೇ ಇರತ್ತೆ, ಅದೇ ಬಾಲ್ತಾಲ್.

ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆ ಓಡಾಡೋ ದಾರಿ. ಅದನ್ನ ಟ್ಯಾಂಕ್ ಹೋಗೋ ಅಗಲಕ್ಕೆ ಮಾಡಿದ್ದು ಮದ್ರಾಸ್ ಸ್ಯಾಪರ್ಸ್ ಕಂಪನಿಗಳು. ಬಂಡೆಗೆ ಮದ್ದಿಟ್ಟು ಒಡೆದು, ಗುಂಡಿನ ದಾಳಿ ಮಧ್ಯ, ರಾತ್ರಿ ಚಳೀಲಿ. ತಂಬಿಗಳು ಅಂತ ಇವತ್ತಿಗೂ ಕರೀತಾರಲ್ಲ, ಅವರು. ನಮ್ಮ ಕರ್ನಾಟಕದ ಹುಡುಗರೂ ಸೇರೋ ರೆಜಿಮೆಂಟು.

ಹವಾಮಾನ ಸರಿ ಇಲ್ದೆ ದಾಳಿ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ನವೆಂಬರ್ 1ಕ್ಕೆ ಬಂತು. ಆಪರೇಷನ್ ಬೈಸನ್ ಅಂತ ಹೆಸರು. ಟ್ಯಾಂಕುಗಳ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಸ್ಪ್ಯಾರೋ, ಈ ಕೆಲಸಕ್ಕೆ ಅವರಿಗೆ ಮಹಾವೀರ ಚಕ್ರ ಬಂತು, 1965ರಲ್ಲಿ ಫಿಲ್ಲೋರಾದಲ್ಲಿ ಇನ್ನೊಂದು ಸಲ ಬಂತು. ಹಿಮ ಬೀಳ್ತಿರೋವಾಗ ಘಾಟಿ ಒಳಗಿಂದ ಟ್ಯಾಂಕು ಬರತ್ತೆ ಅಂತ ಮೇಲೆ ಕೂತೋರು ಕನಸಲ್ಲೂ ಎಣಿಸಿರ್ಲಿಲ್ಲ. 37 ಎಂಎಂ ಗನ್ನಿಂದ ಒಂದೊಂದೇ ಬಂಕರಿಗೆ ನೇರವಾಗಿ ಹೊಡೀತಾ ಹೋದ್ರು, ಕಾಲ್ದಳ ಹಿಂದೇನೇ ಬಂತು, ಘಾಟಿ ಆಚೆಗಿನ ಗುಮ್ರಿ ಬಯಲು ಸಿಕ್ತು. ಆಮೇಲೆ ದ್ರಾಸ್, ಅದೇ ತಿಂಗಳ ಕೊನೆ ವಾರದ ಹೊತ್ತಿಗೆ ಕಾರ್ಗಿಲ್. ಯೂರೋಪಲ್ಲಿ ಜರ್ಮನ್ ಟ್ಯಾಂಕುಗಳ ಮುಂದೆ ಈ 37 ಎಂಎಂ ಗನ್ನು 1944ರ ಹೊತ್ತಿಗೇ ಕೆಲಸಕ್ಕೆ ಬಾರದ್ದು ಅನಿಸ್ಕೊಂಡಿತ್ತು. ಎಲ್ಲಿ ಯಾವುದು ಉಪಯೋಗಕ್ಕೆ ಬರತ್ತೆ ಅನ್ನೋದು ಜಾಗ ನೋಡಿ ಹೇಳೋ ಮಾತು.

ಈಗ ಕಿಟ್ಟು, ಅಂದ್ರೆ ಜೋಡಿಸೋಕೆ ಬರೋ ಪ್ಲಾಸ್ಟಿಕ್ ಪಾರ್ಟುಗಳ ಡಬ್ಬ. ಇಲ್ಲಿ ಒಂದು ವಿಷಯ ಗಮನಿಸ್ಬೇಕು, ಸ್ಟುವರ್ಟ್ ಅಂತ ಬಾಕ್ಸ್ ಮೇಲೆ ಬರ್ದಿರೋದೆಲ್ಲ ಜೋಜಿಲಾ ಸ್ಟುವರ್ಟ್ ಅಲ್ಲ. ಜಪಾನಿನ ಟಮಿಯಾ ಕಂಪನಿದು 1970ರ ದಶಕದಿಂದಾನೂ ಸಿಗೋ ಎಂ3 ಇದೆ, ಒಳ್ಳೆ ಕಿಟ್ಟೇ, ಆದ್ರೆ ಎಂ3ಯ ಮೂತಿ ಮೆಟ್ಟಿಲು ಮೆಟ್ಟಿಲಾಗಿರತ್ತೆ, ಒಳಗೆ ವಿಮಾನದ ರೇಡಿಯಲ್ ಎಂಜಿನ್ನು. ನಮಗೆ ಬೇಕಿರೋದು ಎಂ5, ಬ್ರಿಟಿಷರ ಲೆಕ್ಕದಲ್ಲಿ ಸ್ಟುವರ್ಟ್ ಮಾರ್ಕ್ 6. ಇದರ ಮುಂಭಾಗ ಒಂದೇ ಇಳಿಜಾರು ಹಲಗೆ, ಹಿಂಭಾಗದ ಎಂಜಿನ್ ಡೆಕ್ಕು ಎತ್ತರಕ್ಕೆ ಎದ್ದಿರತ್ತೆ, ಯಾಕಂದ್ರೆ ಒಳಗಿರೋದು ಎರಡು ಕ್ಯಾಡಿಲಾಕ್ ವಿ8 ಕಾರ್ ಎಂಜಿನ್ನು, ಅದರ ರೇಡಿಯೇಟರಿಗೆ ಜಾಗ ಬೇಕಲ್ಲ. ಗೇರ್‌ಬಾಕ್ಸೂ ಕಾರಿಂದೇ, ಹೈಡ್ರಾಮ್ಯಾಟಿಕ್, ಅಂದ್ರೆ ಆಟೋಮ್ಯಾಟಿಕ್. 1940ರ ದಶಕದಲ್ಲಿ ಟ್ಯಾಂಕಿಗೆ ಆಟೋಮ್ಯಾಟಿಕ್ ಗೇರು ಅಂದ್ರೆ ದೊಡ್ಡ ವಿಷಯ, ಕಡಿದಾದ ದಾರೀಲಿ ಗೇರ್ ಬದಲಾಯಿಸೋಕೆ ಹೋಗಿ ಎಂಜಿನ್ ಆಫ್ ಆಗೋ ಭಯ ಕಡಿಮೆ. ಇನ್ನೊಂದು ಕಡೆ ಆ ಎತ್ತರದಲ್ಲಿ ಗಾಳಿ ಎಷ್ಟು ತೆಳು ಅಂದ್ರೆ ಪೆಟ್ರೋಲ್ ಎಂಜಿನ್ನಿನ ಶಕ್ತಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಹೋಗ್ಬಿಡತ್ತೆ. ಎರಡು ಎಂಜಿನ್ ಸೇರಿ 220 ಹಾರ್ಸ್‌ಪವರ್ ಅಂತ ಲೆಕ್ಕ ಇದ್ರೆ ಅಲ್ಲಿ ಸಿಗೋದು 150 ಅಂದ್ಕೊಳ್ಳಿ, ಅದ್ರಲ್ಲಿ 15 ಟನ್ನು ಎಳೀಬೇಕು, ಹಿಮದಲ್ಲಿ, ಕೆಸರಲ್ಲಿ.

ನಾನು ತಗೊಂಡಿದ್ದು ಎಎಫ್‌ವಿ ಕ್ಲಬ್ ಕಂಪನಿಯ 1/35 ಎಂ5ಎ1, ಅಂದ್ರೆ ನಿಜದ ಟ್ಯಾಂಕಿನ 35ರಲ್ಲಿ ಒಂದು ಪಾಲು ಅಳತೆ. ಎ1 ಅಂದ್ರೆ ಟರೆಟ್ಟಿನ ಹಿಂದೆ ರೇಡಿಯೋ ಇಡೋಕೆ ಒಂದು ಉಬ್ಬು ಇರತ್ತೆ. ಹೊಸಬರು ಯಾವಾಗ್ಲೂ ಕೇಳೋದು 35 ಅನ್ನೋ ವಿಚಿತ್ರ ಸಂಖ್ಯೆ ಯಾಕೆ ಅಂತ. 1960ರ ದಶಕದ ಶುರುವಲ್ಲಿ ಟಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮೋಟರ್ ಕಿಟ್ ಮಾಡ್ತು, ಒಳಗೆ ಬ್ಯಾಟರಿ ಹಿಡಿಯೋ ಅಳತೆಗೆ ಟ್ಯಾಂಕ್ ಮಾಡಿ ಆಮೇಲೆ ಅಳೆದು ನೋಡಿದ್ರೆ ಅದು 1/35 ಬಂದಿತ್ತು. ಅದೇ ಲೋಕಕ್ಕೆಲ್ಲ ರೂಢಿಯಾಗಿಹೋಯ್ತು. ಈ ಅಳತೇಲಿ ಸ್ಟುವರ್ಟ್ ಸುಮಾರು 14 ಸೆಂಟಿಮೀಟರ್ ಉದ್ದ, ಅಂಗೈ ಮೇಲೆ ಕೂರತ್ತೆ, ಪಕ್ಕ ನಿಲ್ಲೋ ಸೈನಿಕ 5 ಸೆಂಟಿಮೀಟರ್.

ಭಾರತದಲ್ಲಿ ಈ ಹವ್ಯಾಸದ ದೊಡ್ಡ ಕಷ್ಟ ಅಂದ್ರೆ ಕಿಟ್ ಹೊರಗಡೆಯಿಂದ ಬರ್ಬೇಕು, ಕಸ್ಟಮ್ಸ್ ಡ್ಯೂಟಿ ಬೀಳತ್ತೆ, ಬಣ್ಣ ಥಿನ್ನರ್ ಎಲ್ಲಾ ಬೆಂಕಿ ಹತ್ತೋ ಸಾಮಾನು ಆಗಿರೋದ್ರಿಂದ ವಿಮಾನದ ಪಾರ್ಸಲ್ಲಲ್ಲಿ ಸುಲಭಕ್ಕೆ ಬರಲ್ಲ. ಆದ್ರೆ ನಮ್ಮಲ್ಲಿ ಸಿಗೋದ್ರಲ್ಲೇ ಎಷ್ಟೋ ಕೆಲಸ ಆಗತ್ತೆ. ಕಾರಿಗೆ ಬಣ್ಣ ಹೊಡೆಯೋರ ಅಂಗಡೀಲಿ ಎನ್‌ಸಿ ಥಿನ್ನರ್, ಎನ್‌ಸಿ ಪುಟ್ಟಿ, ನೀರಲ್ಲಿ ಉಜ್ಜೋ 400, 800, 1500 ನಂಬರಿನ ಎಮರಿ ಪೇಪರ್ ಎಲ್ಲಾ ಸಿಗತ್ತೆ. ಬೆಂಗಳೂರಿನೋರಿಗೆ ಜೆ.ಸಿ. ರೋಡ್ ಇದೆ, ಕಂಪ್ರೆಸರಿಗೆ ಎಸ್.ಪಿ. ರೋಡ್ ಕಡೆ ಸುತ್ತಿದ್ರೆ ಸಾಕು. ಫೆವಿಕ್ವಿಕ್, ಫೆವಿಕಾಲ್ ಮನೇಲೇ ಇರತ್ತೆ. ಎನ್‌ಸಿ ಥಿನ್ನರ್ ಮಾತ್ರ ನೇರ ಪ್ಲಾಸ್ಟಿಕ್ ಮೇಲೆ ಬೀಳ್ಬಾರ್ದು, ಪ್ಲಾಸ್ಟಿಕ್ಕನ್ನೇ ತಿಂದುಬಿಡತ್ತೆ, ಬಣ್ಣಕ್ಕೆ ಬೆರೆಸೋಕೆ ಮತ್ತೆ ಏರ್‌ಬ್ರಷ್ (ಗಾಳಿ ಒತ್ತಡದಲ್ಲಿ ಬಣ್ಣ ಎರಚೋ ಸಾಧನ) ತೊಳೆಯೋಕೆ ಇಟ್ಕೊಳ್ಳಿ.

ಕಟ್ಟೋ ಕೆಲಸ ಶುರುವಾಗೋದು ಯಾವತ್ತೂ ಚಕ್ರದ ಕಡೆಯಿಂದ. ಸ್ಟುವರ್ಟಿಗೆ ಒಂದೊಂದು ಪಕ್ಕ ಎರಡು ಬೋಗಿ, ಒಂದೊಂದು ಬೋಗಿಗೆ ಎರಡು ಚಕ್ರ, ಮಧ್ಯ ಸುರುಳಿ ಸ್ಪ್ರಿಂಗು, ಹಿಂದುಗಡೆ ನೆಲಕ್ಕೆ ತಾಗೋ ಹಾಗೆ ದೊಡ್ಡ ಐಡ್ಲರ್ ಚಕ್ರ, ಮೇಲೆ ಮೂರು ಸಣ್ಣ ರೋಲರ್. ಸ್ಪ್ರೂನಿಂದ, ಅಂದ್ರೆ ಪಾರ್ಟುಗಳು ಅಂಟ್ಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟಿಂದ, ನಿಪ್ಪರಲ್ಲಿ ಕತ್ತರಿಸೋವಾಗ ಪಾರ್ಟಿಗೆ ಅಂಟ್ಕೊಂಡು ಕತ್ತರಿಸ್ಬೇಡಿ, ಸ್ವಲ್ಪ ದೂರದಲ್ಲಿ ಮೊದಲ್ನೇ ಕಟ್, ಆಮೇಲೆ ಹತ್ರ ಎರಡ್ನೇದು, ಉಳಿದಿದ್ದು ಬ್ಲೇಡು ಮತ್ತೆ ಎಮರಿ. ಹತ್ರಕ್ಕೇ ಹಾಕ್ಬಿಟ್ರೆ ಪ್ಲಾಸ್ಟಿಕ್ಕು ಬೆಳ್ಳಗಾಗಿ ಒಳಕ್ಕೆ ಹಳ್ಳ ಬೀಳತ್ತೆ. ಅಂಟು ಹಾಕೋ ಮುಂಚೆ ಎಲ್ಲಾನೂ ಹಾಗೇ ಜೋಡಿಸಿ ನೋಡ್ಬೇಕು, ನಾಲ್ಕೂ ಚಕ್ರ ಒಂದೇ ನೇರಕ್ಕೆ ನೆಲ ಮುಟ್ಟತ್ತಾ ಅಂತ ಗಾಜಿನ ತುಂಡಿನ ಮೇಲಿಟ್ಟು ಪರೀಕ್ಷೆ ಮಾಡ್ಬೇಕು. ಎಕ್ಸ್‌ಟ್ರಾ ಥಿನ್ ಸಿಮೆಂಟ್ ಅಂತ ಬರತ್ತಲ್ಲ, ಎರಡು ಪಾರ್ಟ್ ಒತ್ತಿ ಹಿಡ್ಕೊಂಡು ಸಂದಿಗೆ ಬ್ರಷ್ಷಿನ ತುದಿ ತಾಗಿಸಿದ್ರೆ ಸಾಕು, ಅದೇ ಸರ್ರಂತ ಒಳಗೆ ಓಡತ್ತೆ, ಪ್ಲಾಸ್ಟಿಕ್ಕನ್ನ ಕರಗಿಸಿ ಎರಡನ್ನೂ ಒಂದು ಮಾಡತ್ತೆ. ಅದು ಅಂಟು ಅನ್ನೋದಕ್ಕಿಂತ ವೆಲ್ಡಿಂಗು ಅನ್ನೋದೇ ಸರಿ.

ಟ್ಯಾಂಕಿನ ಮೈಯಲ್ಲಿ ನಾನು ಹೆಚ್ಚು ಹೊತ್ತು ಕಳೆದಿದ್ದು ವೆಲ್ಡ್ ಗೆರೆಗಳ ಮೇಲೆ. ಎಂ5ರ ಮೈ ವೆಲ್ಡ್ ಮಾಡಿದ್ದು, ತಗಡು ತಗಡು ಸೇರೋ ಕಡೆ ಉಬ್ಬಿದ ಸಾಲು ಕಾಣ್ಬೇಕು. ಪುಟ್ಟಿನ ಎಳೆ ಎಳೆ ಮಾಡಿ ಸಂದಿಗೆ ಕೂರಿಸಿ, ಗಟ್ಟಿ ಆಗೋ ಮುಂಚೆ ಬ್ಲೇಡಿನ ತುದೀಲಿ ಸಣ್ಣ ಸಣ್ಣ ಒತ್ತು ಕೊಡ್ತಾ ಹೋದ್ರೆ ವೆಲ್ಡರ್ ಕೈ ಹೋದ ಹಾಗೇ ಕಾಣತ್ತೆ. ಭೂತಗನ್ನಡಿ ಹಾಕ್ಕೊಂಡು ಮಾಡೋ ಕೆಲಸ, ಪ್ರೈಮರ್ ಬಿದ್ಮೇಲೇನೇ ಅದರ ಚಂದ ಗೊತ್ತಾಗೋದು. ಗನ್ನಿನ ಬಾಯಿ ಕೂಡ ಅಷ್ಟೇ, 37 ಎಂಎಂ ಅನ್ನ 35ರಿಂದ ಭಾಗಿಸಿದ್ರೆ ಒಂದು ಎಂಎಂ ಚಿಲ್ಲರೆ. ಕೈಯಲ್ಲಿ ತಿರುಗಿಸೋ ಪಿನ್ ವೈಸಿಗೆ 1 ಎಂಎಂ ಬಿಟ್ ಹಾಕಿ, ಮೊದ್ಲು ಸೂಜಿ ತುದೀಲಿ ನಡು ಗುರುತು ಮಾಡಿ, ನಿಧಾನಕ್ಕೆ ಕೊರೀಬೇಕು. ಗನ್ನಿನ ಬಾಯಿ ಮುಚ್ಚಿರೋ ಟ್ಯಾಂಕ್ ಮಾಡೆಲ್ ಎಷ್ಟೇ ಚೆನ್ನಾಗಿ ಬಣ್ಣ ಹೊಡೆದ್ರೂ ಆಟದ ಸಾಮಾನಾಗೇ ಕಾಣತ್ತೆ.

ಎಳೆಯೋ ಹಗ್ಗಕ್ಕೆ ಹಳೆ ಇಯರ್‌ಫೋನ್ ವೈರಿನ ತಾಮ್ರದ ಎಳೆಗಳನ್ನ ಹೊಸೆದೆ. ರೇಡಿಯೋ ಆಂಟೆನಾಗೆ ಸ್ಪ್ರೂ ತುಂಡನ್ನ ಮೇಣದ ಬತ್ತಿ ಮೇಲೆ ಬಿಸಿ ಮಾಡಿ ಎಳೆದ್ರೆ ಕೂದಲಿನಷ್ಟು ಸಣ್ಣ ಎಳೆ ಬರತ್ತೆ. ಟಾರ್ಪಾಲಿಗೆ ಟಿಶ್ಯೂ ಪೇಪರು, ನೀರು ಬೆರೆಸಿದ ಫೆವಿಕಾಲಲ್ಲಿ ಅದ್ದಿ, ಮಡಚಿ, ಇನ್ನೂ ಒದ್ದೆ ಇರೋವಾಗ್ಲೇ ಎಂಜಿನ್ ಡೆಕ್ಕಿನ ಮೇಲೆ ಕೂರಿಸಿದ್ರೆ ಭಾರಕ್ಕೆ ಜಗ್ಗಿದ ಹಾಗೆ ಬೀಳತ್ತೆ. ಹಿಮ ಬೀಳೋ ಜಾಗಕ್ಕೆ ಹೋಗ್ತಿರೋ ಟ್ಯಾಂಕಿದು, ಹೊದಿಕೆ, ಹಗ್ಗ, ಡಬ್ಬ ಇವೆಲ್ಲ ಇರ್ಲೇಬೇಕು ಅನ್ನೋದು ನನ್ನ ತೀರ್ಮಾನ.

ಬಣ್ಣಕ್ಕೆ ಬಂದ್ರೆ, ಆಗಿನ ಫೋಟೋಗಳು ಎಲ್ಲಾ ಕಪ್ಪು ಬಿಳುಪು. ಆದ್ರೆ ಈ ಟ್ಯಾಂಕು ಅಮೆರಿಕದ ಫ್ಯಾಕ್ಟರಿಯಿಂದ ಹೊರಗೆ ಬಂದಿದ್ದೇ ಆಲಿವ್ ಡ್ರಾಬ್ ಅನ್ನೋ ಮಂಕು ಹಸಿರುಗಂದು ಬಣ್ಣದಲ್ಲಿ, ಬ್ರಿಟಿಷರೂ 1944ರಲ್ಲಿ ತಮ್ಮ ಬಣ್ಣವನ್ನ ಅದಕ್ಕೇ ಹೊಂದೋ ಹಾಗೆ ಬದಲಾಯಿಸ್ಕೊಂಡಿದ್ರು, ಅಮೆರಿಕದಿಂದ ಬಂದ ಗಾಡಿಗಳಿಗೆ ಮತ್ತೆ ಬಣ್ಣ ಹೊಡೆಯೋ ಕೆಲಸ ತಪ್ಲಿ ಅಂತ. ಹಾಗಾಗಿ ಆಲಿವ್ ಡ್ರಾಬ್. ಕಿಟ್ಟಲ್ಲಿ ಬರೋ ಅಮೆರಿಕದ ಬಿಳಿ ನಕ್ಷತ್ರದ ಡೆಕಾಲ್‌ಗಳನ್ನ (ಅಂಟಿಸೋ ಚಿತ್ರಗಳನ್ನ) ಡಬ್ಬದಲ್ಲೇ ಬಿಟ್ಟೆ.

ಬೆಂಗಳೂರಿನ ಮಳೆಗಾಲದಲ್ಲಿ ಲ್ಯಾಕರ್ (ಥಿನ್ನರಲ್ಲಿ ಕರಗೋ) ಬಣ್ಣ ಹೊಡೆಯೋದು ತಲೆನೋವು. ಗಾಳೀಲಿ ತೇವ ಜಾಸ್ತಿ ಇದ್ರೆ ಥಿನ್ನರ್ ಆರೋವಾಗ ಮೇಲ್ಮೈ ತಣ್ಣಗಾಗಿ ತೇವ ಅಲ್ಲೇ ಕೂತು ಬಣ್ಣದ ಮೇಲೆ ಬಿಳಿ ಮಂಜು ಹಿಡ್ದಂಗೆ ಆಗತ್ತೆ. ಮಡಿಕೇರಿ, ಮಂಗಳೂರು ಕಡೆಯೋರಿಗೆ ಇನ್ನೂ ಕಷ್ಟ. ಮಧ್ಯಾಹ್ನ ಬಿಸಿಲು ಬಂದಾಗ ಹೊಡೀಬೇಕು, ನಿಧಾನಕ್ಕೆ ಆರೋ ಥಿನ್ನರ್ ಸ್ವಲ್ಪ ಬೆರೆಸ್ಬೇಕು, ಕಂಪ್ರೆಸರಿಗೆ ನೀರು ಹಿಡಿಯೋ ಟ್ರ್ಯಾಪ್ ಹಾಕಿರ್ಬೇಕು. ಕಿಟಕಿ ತೆಗೀದೆ, ಕಾರ್ಬನ್ ಕಾರ್ಟ್ರಿಡ್ಜ್ ಇರೋ ಮಾಸ್ಕ್ ಹಾಕ್ಕೊಳ್ದೆ ಲ್ಯಾಕರ್ ಮುಟ್ಬೇಡಿ, ಬಟ್ಟೆ ಮಾಸ್ಕ್ ಆ ವಾಸನೆ ತಡೆಯಲ್ಲ. ಮನೇಲಿ ಸಣ್ಣ ಮಕ್ಕಳಿದ್ರೆ ನೀರಲ್ಲಿ ಕರಗೋ ಅಕ್ರಿಲಿಕ್ಕೇ ಸಾಕು, ಆಗೋದು ಹೋಗೋದು ಏನಿಲ್ಲ.

ಬಣ್ಣದ ಹದ ನೀರು ಮಜ್ಜಿಗೆ ಹಾಗಿರ್ಬೇಕು. 15ರಿಂದ 20 ಪಿಎಸ್‌ಐ ಒತ್ತಡ. ಮೊದ್ಲು ಬೂದು ಪ್ರೈಮರ್, ಅದ್ರಲ್ಲಿ ಎಲ್ಲಾ ಗೀರು ಸಂದಿ ಕಾಣತ್ತೆ, ಸರಿ ಮಾಡಿ ಮತ್ತೊಂದು ಸಲ. ಆಮೇಲೆ ಕೆಳಭಾಗ, ಸಂದು, ಟರೆಟ್ಟಿನ ಬುಡ ಇಲ್ಲೆಲ್ಲ ಕಪ್ಪಿಗೆ ಹತ್ರದ ಕಂದು. ಅದರ ಮೇಲೆ ಆಲಿವ್ ಡ್ರಾಬನ್ನ ತೆಳ್ಳಗೆ ತೆಳ್ಳಗೆ, ನೆರಳಿನ ಕಪ್ಪು ಪೂರ್ತಿ ಮುಚ್ಚದ ಹಾಗೆ. ಕೊನೇಲಿ ಅದೇ ಬಣ್ಣಕ್ಕೆ ತುಸು ಹಳದಿ ಮಿಶ್ರ ಬೂದು ಸೇರಿಸಿ ಬಿಸಿಲು ಬೀಳೋ ಮೇಲ್ಭಾಗಗಳಿಗೆ. ಡಬ್ಬದ ಬಣ್ಣವನ್ನ ಹಾಗೇ ಹೊಡೆದ್ರೆ 1/35ರಲ್ಲಿ ತುಂಬಾ ಗಾಢ ಆಗಿ ವಿವರ ಎಲ್ಲಾ ನುಂಗಿಹಾಕತ್ತೆ, ಸಣ್ಣ ವಸ್ತುವಿಗೆ ಸ್ವಲ್ಪ ತಿಳಿ ಬಣ್ಣಾನೇ ಕಣ್ಣಿಗೆ ನಿಜ ಅನ್ಸೋದು.

ಈಗ ನಾನು ಹೇಳ್ಬೇಕಾಗಿರೋ ಮುಖ್ಯ ವಿಷಯ. ವೆದರಿಂಗ್, ಅಂದ್ರೆ ಮಾಡೆಲ್ಲು ಬಳಸಿ ಹಳತಾದ ಹಾಗೆ ಕಾಣಿಸೋದು, ಈಗ ಒಂದು ಫ್ಯಾಷನ್ ಆಗಿದೆ, ಎಲ್ಲರ ಟ್ಯಾಂಕಿಗೂ ಅದೇ ತುಕ್ಕು, ಅದೇ ಚಿಪ್ಪಿಂಗ್ (ಬಣ್ಣ ಕಿತ್ತುಬಂದ ಗುರುತು), ಅದೇ ಕಿತ್ತಳೆ ಧೂಳು, ವಿಡಿಯೋ ನೋಡಿ ಸಾಲಾಗಿ ಹಚ್ಕೊಂಡು ಹೋಗ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬಣ್ಣದ ಮೇಲೆ ಬೀಳೋ ಒಂದೊಂದು ಗುರುತಿಗೂ ಕಾರಣ ಇರ್ಬೇಕು, ಈ ಟ್ಯಾಂಕು ಎಲ್ಲಿಂದ ಎಲ್ಲಿಗೆ ಹೋಯ್ತು, ಯಾರು ಮುಟ್ಟಿದ್ರು, ಏನು ತಾಗಿತು ಅಂತ ಕೇಳ್ಕೊಂಡೇ ಬ್ರಷ್ ಎತ್ಬೇಕು. ಕೇಳ್ಕೊಂಡ್ರೆ ಅರ್ಧ ಕೆಲಸ ಬೇಡವೇ ಬೇಡ ಅಂತಾನೇ ಗೊತ್ತಾಗತ್ತೆ.

ಜೋಜಿಲಾ ಸ್ಟುವರ್ಟಿಗೆ ಕೇಳ್ಕೊಂಡು ನೋಡಿ. ತುಕ್ಕು? ರೆಜಿಮೆಂಟು ದಿನಾ ಒರೆಸಿ ಎಣ್ಣೆ ಬಿಟ್ಟು ನೋಡ್ಕೊಳ್ತಿದ್ದ ಗಾಡಿ, ದಪ್ಪ ತುಕ್ಕು ಎಲ್ಲಿಂದ ಬರತ್ತೆ. ಸೈಲೆನ್ಸರ್ ಕಡೆ ಒಂಚೂರು, ಅಷ್ಟೇ. ಟ್ರ್ಯಾಕಿಗೆ ತುಕ್ಕಿನ ಬಣ್ಣ ಬಳಿಯೋದು ಎಲ್ಲರ ಅಭ್ಯಾಸ, ಆದ್ರೆ ನನ್ನ ಕಿಟ್ಟಿನ ಟ್ರ್ಯಾಕು ರಬ್ಬರ್ ಬ್ಲಾಕು, ರಬ್ಬರಿಗೆ ತುಕ್ಕು ಹಿಡಿಯಲ್ಲ. ಅದು ಸವೆದ ಟಯರಿನ ಬೂದುಗಪ್ಪು ಇರ್ಬೇಕು, ಎರಡು ಅಂಚಿನ ಎಂಡ್ ಕನೆಕ್ಟರ್ ಮಾತ್ರ ಲೋಹ, ಸ್ಪ್ರಾಕೆಟ್ಟಿನ, ಅಂದ್ರೆ ಟ್ರ್ಯಾಕ್ ಎಳೆಯೋ ಚಕ್ರದ, ಹಲ್ಲು ಕಚ್ಚೋ ಜಾಗದಲ್ಲಿ ಹೊಳೀಬೇಕು. ಅಲ್ಲಿ ಪೆನ್ಸಿಲ್ ಸೀಸ ಉಜ್ಜಿದ್ರೆ ಸರಿಯಾಗಿ ಬರತ್ತೆ.

ಗೀರು ಎಲ್ಲಿ? ಟರೆಟ್ ಬಿಚ್ಚಿ ಮತ್ತೆ ಕೂರಿಸಿದ್ದು ನೆನಪಿದೆಯಲ್ಲ. ಹಾಗಾದ್ರೆ ಟರೆಟ್ಟಿನ ಬುಡದ ಸುತ್ತ, ಎತ್ತೋಕೆ ಕೊಂಡಿ ಹಾಕೋ ಕಡೆ, ಸರಪಳಿ ಉಜ್ಜಿದ ಗುರುತು ಇರ್ಬೇಕು. ಸ್ಪಂಜಿನ ತುಂಡನ್ನ ಚಿಮುಟದಲ್ಲಿ ಹಿಡ್ಕೊಂಡು, ಕಡು ಕಂದಿಗೆ ಅದ್ದಿ, ಕಾಗದದ ಮೇಲೆ ಮುಕ್ಕಾಲು ಬಣ್ಣ ಒರೆಸಿ, ಅಲ್ಲಿ ಮಾತ್ರ ಮೆಲ್ಲಗೆ ತಾಗಿಸಿದೆ. ಡ್ರೈವರ್ ಹ್ಯಾಚಿನ (ಒಳಗೆ ಇಳಿಯೋ ಬಾಗಿಲಿನ) ಅಂಚು, ಹತ್ತೋವಾಗ ಬೂಟು ತಾಗೋ ಜಾಗ, ಪೆಟ್ರೋಲ್ ಮುಚ್ಚಳದ ಸುತ್ತ ಚೆಲ್ಲಿದ ಕಲೆ, ಇವೂ ಬೇಕು. ಪೆಟ್ರೋಲಿನ ಕಲೆಗೆ ಆಯಿಲ್ ಬಣ್ಣದ ಕಂದನ್ನ ತುಂಬಾ ತೆಳ್ಳಗೆ ಮಾಡಿ, ತುಸು ಹೊಳಪು ವಾರ್ನಿಶ್ ಸೇರಿಸಿ, ಚೆಲ್ಲಿ ಇಳಿದ ದಿಕ್ಕಿಗೇ ಎಳೀಬೇಕು. ಎಲ್ಲೆಲ್ಲೋ ಉದುರಿಸಿದ ಚಿಪ್ಪಿಂಗ್ ಇಲ್ಲ.

ಇನ್ನು ಕೆಸರು. ನಾನು ಲೇಹ್‌ಗೆ ರಸ್ತೇಲಿ ಹೋದಾಗ ಜೋಜಿಲಾದಲ್ಲಿ ಟ್ರಾಫಿಕ್ ನಿಂತಿದ್ದ ಹೊತ್ತಲ್ಲಿ ಬೆಟ್ಟ ನೋಡೋದು ಬಿಟ್ಟು ಲಾರಿ ಚಕ್ರಗಳ ಫೋಟೋ ತೆಗೀತಾ ಕೂತಿದ್ದೆ. ಆ ಮಣ್ಣಿಗೆ ನಮ್ಮ ಕಡೆಯ ಕೆಂಪು ಇಲ್ಲವೇ ಇಲ್ಲ. ಒಡೆದ ಕಲ್ಲಿನ ಪುಡಿ, ಬೂದು, ಒದ್ದೆ ಇದ್ದಾಗ ಹೆಚ್ಚುಕಮ್ಮಿ ಕಪ್ಪು, ಒಣಗಿದ್ರೆ ಸಿಮೆಂಟಿನ ಹಾಗೆ ಬಿಳಿಚು. ಚಕ್ರದ ಒಳಗೆ ಒಣಗಿದ ಹಳೇದು, ಅದರ ಮೇಲೆ ಒದ್ದೆ ಹೊಸದು, ಮಡ್ಗಾರ್ಡಿನ ಹಿಂದುಗಡೆ ಎರಚಿದ್ದು. ಮೂರು ಪದರ, ಮೂರು ಬಣ್ಣ. ಅದನ್ನೇ ಟ್ಯಾಂಕಿಗೆ ಇಳಿಸಿದೆ. ಮೊದ್ಲು ಬೂದು ಪಿಗ್ಮೆಂಟಿಗೆ (ಬಣ್ಣದ ಪುಡಿಗೆ) ಪುಟ್ಟಿ ಪುಡಿ, ಜರಡಿ ಹಿಡಿದ ಸಣ್ಣ ಮರಳು ಸೇರಿಸಿ, ಮ್ಯಾಟ್ ಅಕ್ರಿಲಿಕ್ ಮೀಡಿಯಮ್ಮಲ್ಲಿ ಕಲಸಿ, ಬೋಗಿಗಳ ಮಧ್ಯ ಗಟ್ಟಿಯಾಗಿ ತುಂಬೋದು. ಅದು ಒಣಗಿದ್ಮೇಲೆ ಎರಡು ಛಾಯೆ ಕಪ್ಪು ಮಾಡಿ, ತೆಳ್ಳಗೆ, ಮಧ್ಯ ಮಧ್ಯ. ಕೊನೇದಾಗಿ ಅದನ್ನೇ ಇನ್ನೂ ನೀರಾಗಿ ಮಾಡಿ, ಗಟ್ಟಿ ಬ್ರಷ್ಷಿಗೆ ಹಚ್ಚಿ, ಏರ್‌ಬ್ರಷ್ ಗಾಳಿ ಮಾತ್ರ ಊದಿ ಎರಚೋದು. ಕಾಗದದ ಮೇಲೆ ನೋಡ್ಕೊಂಡು ಆಮೇಲೆ ಟ್ಯಾಂಕಿಗೆ. ಹನಿ ಯಾವ ದಿಕ್ಕಿಗೆ ಹಾರತ್ತೆ ಅನ್ನೋದೂ ಮುಖ್ಯ, ಟ್ರ್ಯಾಕ್ ಮೇಲ್ಭಾಗ ಮುಂದಕ್ಕೆ ಓಡೋದ್ರಿಂದ ಮುಂದಿನ ಮಡ್ಗಾರ್ಡಿನ ಒಳಭಾಗದಲ್ಲಿ ದಪ್ಪಗೆ ಮೆತ್ಕೊಂಡಿರತ್ತೆ, ಹಿಂದುಗಡೆ ಕೆಳಗಿನ ತಗಡಿಗೆ ಕೆಳಗಿಂದ ಎರಚಿರತ್ತೆ.

ಈ ಕೆಸರು ನನಗೆ ಯಾಕೆ ಇಷ್ಟು ಮುಖ್ಯ ಅಂದ್ರೆ, ಇದು ಸ್ಯಾಪರ್‌ಗಳು ಕಡಿದ ರಸ್ತೆಯ ಕೆಸರು. ಮದ್ದಿಟ್ಟು ಒಡೆದ ಹೊಸ ಬಂಡೆಯ ಪುಡಿ. ಟ್ಯಾಂಕಿಗೆ ಮಹಾವೀರ ಚಕ್ರದ ಕತೆ ಇದೆ, ಜನರಲ್ಲಿಗೆ ಬೆಂಗಳೂರಲ್ಲಿ ರಸ್ತೆ ಇದೆ, ರಿಚ್ಮಂಡ್ ರೋಡಿಗೆ ಅವರ ಹೆಸರೇ ಅಲ್ವಾ. ಸಲಿಕೆ ಹಿಡಿದೋರ ಹೆಸರು ಯಾರಿಗೂ ನೆನಪಿರಲ್ಲ. ಮಾಡೆಲ್ಲಲ್ಲಿ ಅವರ ಕೆಲಸ ಕಾಣ್ಬೇಕಾದ್ರೆ ಅದು ಚಕ್ರದ ಸಂದೀಲೇ ಕಾಣ್ಬೇಕು.

ಹಾಗಾಗಿ ಬೇಸ್ ಮೇಲೂ ನಾನು ಜನರಲ್ ತಿಮ್ಮಯ್ಯನವರ ಬೊಂಬೆ ಇಡ್ಲಿಲ್ಲ. ಅವರು ಟ್ಯಾಂಕ್ ಒಳಗಿದ್ದಾರೆ ಅಂದ್ಕೊಳ್ಳಿ, ಹ್ಯಾಚ್ ಮುಚ್ಚಿದೆ. ಹೊರಗೆ ನಿಂತಿರೋದು ಇಬ್ಬರು ಸ್ಯಾಪರ್‌ಗಳು, ಒಬ್ಬ ಸಲಿಕೆ ಊರಿ ಬಂಡೆಗೆ ಒರಗಿ ಟ್ಯಾಂಕಿಗೆ ದಾರಿ ಬಿಟ್ಟಿದ್ದಾನೆ, ಇನ್ನೊಬ್ಬ ಟ್ರ್ಯಾಕು ಅಂಚಿಗೆ ಎಷ್ಟು ಹತ್ರ ಇದೆ ಅಂತ ಬಗ್ಗಿ ನೋಡ್ತಾ ಕೈ ತೋರಿಸ್ತಿದ್ದಾನೆ. ಬ್ರಿಟಿಷ್ ಸೈನಿಕರ ಸೆಟ್ಟಿಂದ ಮೈ ತಗೊಂಡು, ಗ್ರೇಟ್‌ಕೋಟನ್ನ ಎಪಾಕ್ಸಿ ಪುಟ್ಟೀಲಿ ಮಾಡಿದ್ದು. ಮುಖಕ್ಕೆ ಡಬ್ಬದಲ್ಲಿ ಬರೋ ಫ್ಲೆಶ್ ಬಣ್ಣ ನಡೆಯಲ್ಲ, ಅದು ಬಿಳಿಯರ ಮೈಬಣ್ಣ. ಸುಟ್ಟ ಕಂದು, ಹಳದಿ ಮಣ್ಣು, ಒಂದು ತುಸು ಕೆಂಪು ಬೆರೆಸಿ ಬುಡ, ಕೆನ್ನೆ ಮೂಗಿನ ಮೇಲೆ ಅದನ್ನೇ ತಿಳಿ ಮಾಡಿ, ಚಳಿಗೆ ತುಟಿ ಒಡೆದ ಹಾಗೆ ಬೂದು ಸ್ವಲ್ಪ. 5 ಸೆಂಟಿಮೀಟರ್ ಮನುಷ್ಯನ ಮುಖ ಅಂದ್ರೆ ಹೆಸರುಕಾಳಿಗಿಂತ ಒಂಚೂರು ದೊಡ್ಡದು, ಸೊನ್ನೆ ನಂಬರ್ ಬ್ರಷ್ಷಿನ ತುದಿ ಚೂಪಾಗಿದ್ರೆ ಅದೇ ಸಾಕು, ಸೊನ್ನೆ ಮೇಲೆ ಸೊನ್ನೆ ಇರೋ ಬ್ರಷ್ಷಲ್ಲಿ ಬಣ್ಣ ಮುಖ ಮುಟ್ಟೋ ಮುಂಚೇನೇ ಒಣಗಿರತ್ತೆ.

ಬೆಟ್ಟದ ಗೋಡೆ ಗಟ್ಟಿ ಫೋಮಿಂದು, ಮೇಲೆ ಪ್ಲಾಸ್ಟರ್. ಬಂಡೆ ಪದರಗಳು ಒಂದೇ ಕಡೆಗೆ ವಾಲಿರ್ಬೇಕು, ಹೊಸದಾಗಿ ಒಡೆದ ಕಡೆ ಚೂಪು ಅಂಚು, ತಿಳಿ ಬೂದು. ರಸ್ತೆ ಟ್ಯಾಂಕಿನ ಅಗಲಕ್ಕಿಂತ ಬೆರಳಷ್ಟು ಜಾಸ್ತಿ ಇಟ್ಟೆ, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ.

ಹಿಮಕ್ಕೆ ತುಂಬಾ ಜನ ಅಡುಗೆ ಸೋಡಾ ಹಾಕ್ತಾರೆ, ಮಾಡ್ಬೇಡಿ, ವರ್ಷ ಕಳೆದ ಹಾಗೆ ಹಳದಿ ತಿರುಗತ್ತೆ. ನಾನು ಬಳಸಿದ್ದು ನಮ್ಮ ಬಿಳಿ ರಂಗೋಲಿ ಪುಡಿ. ಮಲ್ ಬಟ್ಟೇಲಿ ಸೋಸಿದ್ರೆ ಕೆಳಗೆ ಇಳಿಯೋ ಅತಿ ಸಣ್ಣ ಪುಡಿಯನ್ನ ಮ್ಯಾಟ್ ಮೀಡಿಯಮ್, ಬಿಳಿ ಅಕ್ರಿಲಿಕ್, ಒಂದು ಹನಿ ನೀಲಿ ಸೇರಿಸಿ ಕಲಸಿದ್ರೆ ಒದ್ದೆ ಹಿಮ ಆಗತ್ತೆ, ಅದು ಆರೋ ಮುಂಚೆ ಮೇಲಿಂದ ಒಣ ಪುಡಿ ಉದುರಿಸಿದ್ರೆ ಈಗ ತಾನೇ ಬಿದ್ದ ಹಿಮ. ಕಲ್ಲಿನ ಪುಡಿ ಆಗಿರೋದ್ರಿಂದ ಬಣ್ಣ ಬದಲಾಗಲ್ಲ. ಎಂಜಿನ್ ಡೆಕ್ಕಿನ ಮೇಲೆ ಮಾತ್ರ ಹಿಮ ಹಾಕ್ಬೇಡಿ, ಕೆಳಗೆ ಎರಡು ವಿ8 ಉರೀತಿರತ್ತೆ, ಅಲ್ಲಿ ಕರಗಿದ ನೀರಿನ ಒದ್ದೆ ಗುರುತು, ಹೊಳಪು ವಾರ್ನಿಶ್ಶಲ್ಲಿ. ಟರೆಟ್ಟಿನ ಮೇಲೆ, ಟಾರ್ಪಾಲಿನ ಮಡಿಕೇಲಿ, ಮುಂದಿನ ಇಳಿಜಾರಿನ ಬುಡದಲ್ಲಿ ಹಿಮ ನಿಲ್ಲತ್ತೆ.

ಮುಂದಿಂದು ಇದೇ ಟ್ಯಾಂಕು, ಟರೆಟ್ ಇಲ್ದೆ. ಬಾನಿಹಾಲ್ ದಾರೀಲಿ ಮೈ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಹೋಗ್ತಿರೋದು. ಇನ್ನೊಂದು ಎಂ5ಎ1 ಕಿಟ್ ಆರ್ಡರ್ ಮಾಡಿದೀನಿ. ಟರೆಟ್ ತೆಗೆದ್ರೆ ರಿಂಗ್ ಒಳಗಡೆ ಕಾಣತ್ತೆ, ಒಂದು ಮೂಲೇಲಿ ಟಾರ್ಪಾಲ್ ಗಾಳಿಗೆ ಎದ್ದಿರ್ಬೇಕು ಅಂತ ಆಸೆ, ಹಾಗಾದ್ರೆ ಒಳಗಿನ ಬಿಳಿ ಗೋಡೆ, ಡ್ರೈವರ್ ಸೀಟು, ಮದ್ದಿನ ಡಬ್ಬಿ ಎಲ್ಲಾ ಪ್ಲಾಸ್ಟಿಕ್ ಶೀಟಲ್ಲಿ ಕತ್ತರಿಸಿ ಮಾಡ್ಬೇಕು. ಅಳತೆ ತೆಗೆಯೋ ಕೆಲಸ ಈಗಾಗ್ಲೇ ಶುರು ಮಾಡಿದೀನಿ, ಅರ್ಧ ಎಂಎಂ ಶೀಟು ಸಾಕಾಗತ್ತೆ ಅನಿಸ್ತಿದೆ.